ಅಕ್ಕಪಕ್ಕದ ಕೀಲಿಗಳು

"ನೀವೇ ಕೂತ್ಕೊಳ್ಳಿ ಅಕ್ಕ," ಎಂದು ಕಿರಿಯ ವಾರಗಿತ್ತಿ ಕುರ್ಚಿ ಬಿಟ್ಟುಕೊಟ್ಟಾಗ ಹಿರಿಯವಳು ಒಂದು ಹೆಜ್ಜೆ ಹಿಂದೆ ಸರಿದಳು. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ, ಕಿರಿಯವಳ ಹೊಸ ಏರ್ಪಾಡು ನೋಡಲು ಬಂದ ಆಡಳಿತಾಧಿಕಾರಿ ಕೈಕಟ್ಟಿ ನಿಂತಿದ್ದರು. ಟೈಪ್ ಮಾಡುವವರೆಲ್ಲ ಅವರ ಬೆನ್ನ ಹಿಂದೆ ಸೇರಿದ್ದರು.

ಕಿರಿಯವಳನ್ನು ಈ ಕೆಲಸಕ್ಕೆ ಸೇರಿಸಿದ್ದೇ ಹಿರಿಯವಳು. ಪಾಪ, ಮನೆಯಲ್ಲಿ ಒಬ್ಬಳೇ ಇರುತ್ತಾಳೆ ಎಂದು ಅವರಿವರಿಗೆ ಹೇಳಿ ಹಾಕಿಸಿದ್ದು. ಬಂದವಳು ತೆಪ್ಪಗೆ ರೋಗಿಗಳ ಹೆಸರು, ವಯಸ್ಸು ಹೊಡೆದುಕೊಂಡು ಇರಬಾರದೆ? ಮೌಸ್ ಹಿಡಿದು ಒದ್ದಾಡುವುದೇ ಬೇಡವೆಂದು ಫಾರ್ಮಿಗೆಲ್ಲ ಶಾರ್ಟ್‌ಕಟ್ ಕೂರಿಸಿದಳು. ಎಫ್ ಎಂಟು ಒತ್ತಿದರೆ ತುಂಬಿದ್ದು ಸೇವ್ ಆಗುತ್ತದೆ. ಪಕ್ಕದ ಎಫ್ ಒಂಬತ್ತು ಒತ್ತಿದರೆ ಎಲ್ಲ ಅಳಿದು ಫಾರ್ಮು ಖಾಲಿ. ಅಷ್ಟಕ್ಕೇ ಕೋಣೆಯಲ್ಲೆಲ್ಲ ಅವಳದೇ ಜಪ! ಇಷ್ಟು ವರ್ಷ ಟೈಪಿಂಗಿನಲ್ಲಿ 'ಮಿಂಚು' ಎನ್ನಿಸಿಕೊಂಡ ತನ್ನನ್ನು ಕೇಳುವವರಿಲ್ಲ. ಮೇಲ್ವಿಚಾರಕಿಯ ಜಾಗ ಬೇರೆ ಖಾಲಿ ಇತ್ತು. ಅದೂ ಅವಳಿಗೇ ಎಂದು ಗುಸುಗುಸು. ಹಿರಿಯವಳ ಹೊಟ್ಟೆ ಧಗಧಗ ಉರಿಯಿತು.

ಯಾವ ಕೀಲಿಗೆ ಯಾವ ಕೆಲಸ ಎಂಬುದನ್ನು ಎಲ್ಲಿ ಬದಲಾಯಿಸಬೇಕೆಂದು ಅವಳಿಗೆ ಕಲಿಸಿದ್ದು ಕಿರಿಯವಳೇ. "ನಾನು ರಜೆ ಹಾಕಿದ್ರೆ ನಿಮಗಾದ್ರೂ ಗೊತ್ತಿರ್ಲಿ ಅಕ್ಕ." ಇವತ್ತು ಮನೆಯಲ್ಲಿ ಏನೋ ನೆಪ ಹೇಳಿ ಮೊದಲ ಬಸ್ಸಿಗೇ ಒಬ್ಬಳೇ ಬಂದ ಹಿರಿಯವಳು ಎಂಟನ್ನೂ ಒಂಬತ್ತನ್ನೂ ಅದಲುಬದಲು ಮಾಡಿಟ್ಟಳು. ಸಾಹೇಬರೆದುರೇ ಅವಳ ಫಾರ್ಮು ಖಾಲಿಯಾಗಲಿ, ಮೆರೆದದ್ದು ಸಾಕು.

ಈಗ ನೋಡಿದರೆ ಕುರ್ಚಿಯಲ್ಲಿ ತಾನೇ!

"ನಮ್ಮಕ್ಕನ ಕೈ ನೋಡಿ ಸರ್," ಎಂದಳು ಕಿರಿಯವಳು. "ಅವರ ಸ್ಪೀಡಿಗೆ ಮೌಸ್ ಅಡ್ಡ ಬರ್ತಿತ್ತು. ಅದಕ್ಕೇ ಇದನ್ನೆಲ್ಲ ಮಾಡಿದ್ದು."

ಬಾಯಲ್ಲಿ ಬೆಲ್ಲ, ಹಾಳಾದವಳಿಗೆ! ಹಿರಿಯವಳು ಹೆಸರು, ವಯಸ್ಸು, ವಾರ್ಡು ಎಲ್ಲ ಪಟಪಟ ಹೊಡೆದಳು. ಆಮೇಲೆ ಬೆರಳು ನಿಂತಿತು. ಎಂಟು ಒತ್ತಿದರೆ ಎಲ್ಲ ಅಳಿದು ಕಿರಿಯವಳ ಮಾನ ಹೋಗುತ್ತದೆ, ಬೇಕಾಗಿದ್ದದ್ದೂ ಅದೇ. ಒಂಬತ್ತು ಒತ್ತಿದರೆ ಕಿತಾಪತಿ ಯಾರದೆಂದು ಅವಳಿಗೆ ತಿಳಿದುಬಿಡುತ್ತದೆ.

"ಎಂಟು, ಅಕ್ಕ," ಎಂದು ಕಿರಿಯವಳು ಪಿಸುಗುಟ್ಟಿದಳು. ಅಕ್ಕ ಮರೆತಿರಬೇಕೆಂದು ಅವಳ ಎಣಿಕೆ.

ಆದರೆ ಮಿಂಚು ತುಂಬಿದ ಫಾರ್ಮು ಎಲ್ಲರೆದುರು ಖಾಲಿಯಾಗುವುದೆ? ಅದೊಂದನ್ನು ಮಾತ್ರ ಹಿರಿಯವಳಿಗೆ ಸಹಿಸಲಾಗಲಿಲ್ಲ. ಒಂಬತ್ತು ಒತ್ತಿದಳು. ಫಾರ್ಮು ಸೇವ್ ಆಯಿತು.

"ಭೇಷ್!" ಎಂದರು ಸಾಹೇಬರು. "ಅಲ್ಲಮ್ಮ, ನೀವು ಎಂಟು ಅಂದ್ರಿ, ಇವರು ಒಂಬತ್ತು ಒತ್ತಿದ್ರಲ್ಲ?"

ಕಿರಿಯವಳು ಪರದೆ ನೋಡಿದಳು, ಅಕ್ಕನ ಬೆರಳು ನೋಡಿದಳು. ಅವಳ ಮುಖ ಸಣ್ಣಗಾಯಿತು.

"ಹೌದು ಸರ್. ಬೆಳಿಗ್ಗೆ ಬದಲಾಯಿಸಿದ್ವಿ. ನನಗೇ ಮರೆತುಹೋಗಿತ್ತು."

ಊಟದ ಹೊತ್ತಿಗೆ ಅವಳು ತನ್ನ ಡಬ್ಬಿ ಎತ್ತಿಕೊಂಡು ಆಚೆ ಮೇಜಿಗೆ ಹೋದಳು. ಹಿರಿಯವಳು ತನ್ನ ಡಬ್ಬಿಯ ಮುಚ್ಚಳ ತಿರುವಿದಳು, ಕರವಸ್ತ್ರ ಹಿಡಿದು ಮತ್ತೆ ತಿರುವಿದಳು. ಚೆಲ್ಲದಿರಲೆಂದು ಬೆಳಿಗ್ಗೆ ಕಿರಿಯವಳೇ ಬಿಗಿಯಾಗಿ ಮುಚ್ಚಿಕೊಟ್ಟಿದ್ದ ಆ ಮುಚ್ಚಳ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ.