ಲಲಿತಾಳ ಎರಡು ಫೋಟೋ

ಮಾನ್ವಿ ಬಸ್‌ಸ್ಟ್ಯಾಂಡ್ ಎದುರಿಗೆ ನನ್ನದೊಂದು ಆನ್‌ಲೈನ್ ಅಂಗಡಿ ಇದೆ. ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ, ಮೆಕ್ಕಾಗೆ ಉಮ್ರಾ ಯಾತ್ರೆ ಹೋಗುವವರ ವೀಸಾ, ಎಲ್ಲ ನನ್ನ ಕೈಯಲ್ಲೇ ಆಗುತ್ತದೆ. "ಫರ್ಹೀನ್ ಮೇಡಂ ಹತ್ರ ಹೋಗ್ರಿ, ಒಂದೇ ಸಲಕ್ಕ ಪಾಸ್" ಅಂತ ಜನ ಹೇಳುತ್ತಾರೆ. ಕೇಳಿ ಕೇಳಿ ನನಗೂ ಕೊಂಬು ಬಂದಿತ್ತು.

ಮಲ್ಲಟದ ಲಲಿತಾ ಒಂದು ಭಾನುವಾರ ಬೆಳಿಗ್ಗೆ ಅತ್ತೆ ಬೂದೆಮ್ಮನ ಜೊತೆ ಬಂದಳು. ಗಂಡ ಅಯ್ಯಪ್ಪ ಮಸ್ಕತ್‌ನ ಆಚೆ ಒಂದು ತೋಟದಲ್ಲಿ ಮೇಕೆ ಕಾಯುತ್ತಿದ್ದ. ಇಲ್ಲಿ ಕುರಿ ಕಾಯುತ್ತಿದ್ದವನು ಅಲ್ಲಿಗೆ ಹೋಗಿಯೂ ಅದೇ ಕೋಲು ಹಿಡಿದಿದ್ದ. ನೀರಿನ ಟ್ಯಾಂಕರ್ ಉರುಳಿ ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದ, ಎಚ್ಚರವಿರಲಿಲ್ಲ. ಜೀವ ಇರುವಾಗಲೇ ನೋಡಬೇಕೆಂದರೆ ಬೇಗ ಕಳಿಸಿ ಎಂದು ಜೊತೆಯ ಕೆಲಸದವನು ಫೋನ್ ಮಾಡಿದ್ದ. ವೀಸಾ ಸಿಕ್ಕರೆ ಟಿಕೆಟ್ ಅಲ್ಲಿಯ ಮಾಲೀಕನೇ ಕಳಿಸುತ್ತಾನಂತೆ.

ಪಾಸ್‌ಪೋರ್ಟ್ ಇತ್ತು. ನಿನಗೊಮ್ಮೆ ಸಮುದ್ರ ತೋರಿಸ್ತೀನಿ ಅಂತ ಅಯ್ಯಪ್ಪನೇ ಹೋದ ವರ್ಷ ರಜೆಗೆ ಬಂದಾಗ ರಾಯಚೂರಿಗೆ ಕರೆದೊಯ್ದು ಮಾಡಿಸಿದ್ದ. ಬೇಗ ಸಿಗುವುದು ಪ್ರವಾಸಿ ವೀಸಾ. ಅರ್ಜಿಯಲ್ಲಿ ಭೇಟಿಯ ಉದ್ದೇಶ ಕೇಳಿತ್ತು, 'ಪ್ರವಾಸ' ಎಂದು ಒತ್ತಿದೆ.

"ಏನಂತ ಬರದ್ರಿ?" ಅಂದಳು ಲಲಿತಾ.

"ಊರು ನೋಡಾಕ ಹೊಂಟೀರಿ ಅಂತ," ಅಂದೆ. ಅವಳು ತಲೆ ತಗ್ಗಿಸಿದಳು.

ಪಕ್ಕದ ಸ್ಟುಡಿಯೋದಲ್ಲಿ ನೀಲಿ ಪರದೆ ಮುಂದೆ ತೆಗೆಸಿಕೊಂಡು ಬಂದಿದ್ದ ಫೋಟೋ ಹಚ್ಚಿದೆ. ಹಣೆಯಲ್ಲಿ ಕಾಸಗಲ ಕುಂಕುಮ.

ಮರುದಿನವೇ ಅರ್ಜಿ ವಾಪಸ್ ಬಂತು. ಫೋಟೋ ನಿಯಮದಂತೆ ಇಲ್ಲ ಎಂದು ಒಂದೇ ಸಾಲು, ಕೆಳಗೆ ನಿಯಮಗಳ ಲಿಂಕ್. ಅದನ್ನು ನಾನು ತೆರೆಯಲಿಲ್ಲ. ನಮ್ಮ ಚಿಕ್ಕಮ್ಮ ಸುಗ್ರಾ ಬೇಗಂ ಅವರ ಉಮ್ರಾ ಅರ್ಜಿಯೂ ಹೀಗೇ ವಾಪಸಾಗಿತ್ತು, ಓಢಣಿ ಹಿಂದೆ ಸರಿಸಿ ಹಣೆ ಕಾಣುವಂತೆ ಬೇರೆ ಫೋಟೋ ತೆಗೆದ ಮೇಲೆ ಪಾಸಾಗಿತ್ತು. ಹಾಗಾದರೆ ಇಲ್ಲೂ ಹಣೆ ಖಾಲಿ ಇರಬೇಕು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಪಾಸ್‌ಪೋರ್ಟಿನ ಫೋಟೋದಲ್ಲೂ ಅದೇ ಕುಂಕುಮ ಇತ್ತು, ನನ್ನ ಕಣ್ಣೆದುರೇ ಇತ್ತು. ಅಲ್ಪವಿದ್ಯಾ ಮಹಾಗರ್ವಿ ಅಂತಾರಲ್ಲ, ಅದು ನಾನೇ.

ಇಬ್ಬರನ್ನೂ ಕರೆಸಿದೆ. "ಕುಂಕುಮ ಒರಸ್ಕೋವ್ವಾ, ಇಲ್ಲೇ ಮೊಬೈಲ್‌ನಾಗ ತೆಗಿತೀನಿ," ಅಂದೆ.

ಬಾಗಿಲ ಬಳಿ ಕೂತಿದ್ದ ಬೂದೆಮ್ಮ ಎದ್ದು ಬಂದಳು. "ನನ್ನ ಮಗ ಇನ್ನಾ ಉಸಿರಾಡಾಕತ್ತಾನ್ರೀ. ಇಕಿ ಹಣಿ ಬರಿದು ಮಾಡ್ಕೋಬೇಕೇನು? ಬ್ಯಾಡ."

ನನಗೆ ಸಿಟ್ಟು ಬಂತು. "ಯವ್ವಾ, ನಿನಗ ಮಗ ಬೇಕೋ, ಕುಂಕುಮ ಬೇಕೋ?" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಲಲಿತಾ ಅತ್ತೆಯ ಮುಖ ನೋಡದೆ ಸೆರಗಿನಿಂದ ಒರಸಿಕೊಂಡಳು. ಪೂರ್ತಿ ಹೋಗಲಿಲ್ಲ, ನಾನೇ ನೀರು ಕೊಟ್ಟೆ. ಬೂದೆಮ್ಮ ರಸ್ತೆಯ ಕಡೆ ತಿರುಗಿ ನಿಂತಳು. ಅಂಗಡಿಯ ಹಸಿರು ಗೋಡೆಗೆ ಲಲಿತಾಳನ್ನು ನಿಲ್ಲಿಸಿ ಫೋಟೋ ತೆಗೆದು ಕಳಿಸಿದೆ.

ಬುಧವಾರ ಅದೂ ವಾಪಸ್. ಆಗ ಲಿಂಕ್ ತೆರೆದೆ. ಹಿನ್ನೆಲೆ ಬಿಳಿ ಇರಬೇಕು ಅಂತ ಮೊದಲ ಸಾಲಿನಲ್ಲೇ ಇತ್ತು. ಕುಂಕುಮದ ಬಗ್ಗೆ ಒಂದಕ್ಷರವೂ ಇರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದೆ, ತಪ್ಪು ನನ್ನದೇ ಅಂತಲೂ ಹೇಳಿದೆ.

"ಹಂಗಾದ್ರ ಕುಂಕುಮದ್ದೇ ಹಚ್ರಿ," ಅಂದಳು ಲಲಿತಾ.

ಸ್ಟುಡಿಯೋ ಫೋಟೋದ ನೀಲಿ ಅಳಿಸಿ ಬಿಳಿ ಮಾಡಿ ಕಳಿಸಿದೆ. ಐದು ನಿಮಿಷದ ಕೆಲಸ.

ಗುರುವಾರ ಸಂಜೆ ವೀಸಾ ಬಂತು. ಬಣ್ಣದ ಪ್ರಿಂಟ್ ತೆಗೆದು ಕವರಿಗೆ ಹಾಕಿ ಫೋನ್ ಮಾಡಿದೆ. ಎತ್ತಿದ್ದು ಬೂದೆಮ್ಮ. ಅಯ್ಯಪ್ಪ ಮಧ್ಯಾಹ್ನವೇ ತೀರಿಕೊಂಡಿದ್ದ.

"ಮೊದಲ ಸಲನ ಸರಿ ಹಚ್ಚಿದ್ರ, ಇಕಿ ಅವನ ಮಾರಿ ನೋಡ್ತಿದ್ಳೇನ್ರೀ?" ಎಂದು ಕೇಳಿದಳು.

ನಾನು ವೀಸಾದ ಕವರನ್ನು ಡ್ರಾಯರಿಗೆ ತಳ್ಳಿದೆ. ಹೌದು ಅನ್ನುವುದು ನನಗೆ ಗೊತ್ತಿತ್ತು.

ನಾಲ್ಕು ದಿನದ ಮೇಲೆ ಇಬ್ಬರೂ ಮತ್ತೆ ಬಂದರು. ಬೇರೆ ಯಾರ ಹತ್ತಿರವಾದರೂ ಹೋಗಬಹುದಿತ್ತು, ನನ್ನ ಹತ್ತಿರವೇ ಬಂದರು. ಹೆಣ ಊರಿಗೆ ತರಿಸುವ ಅರ್ಜಿ ಹಾಕಬೇಕಿತ್ತು. ಲಲಿತಾಳ ಕೈಯಲ್ಲಿ ಬಳೆ ಇನ್ನೂ ಇದ್ದವು, ಹೆಣ ಬಂದ ಮೇಲೆ ಒಡೆಯುವುದಂತೆ. ಹಣೆಯಲ್ಲಿ ಮಾತ್ರ ಏನೂ ಇರಲಿಲ್ಲ.

ಅರ್ಜಿ ಹೆಂಡತಿಯ ಫೋಟೋ ಕೇಳಿತು. ಅಷ್ಟರಲ್ಲಿ ನಾನು ಹಸಿರು ಗೋಡೆಗೆ ಬಿಳಿ ಚಾದರ ಕಟ್ಟಿದ್ದೆ. "ಇಲ್ಲಿ ನಿಂದ್ರವ್ವಾ, ಒಂದು ತೆಗಿತೀನಿ," ಅಂದೆ.

ಲಲಿತಾ ಕೂತಲ್ಲಿಂದ ಏಳಲಿಲ್ಲ. "ಹೊಸಾದು ಬ್ಯಾಡ್ರಿ. ಅವತ್ತು ಅವರು ಇದ್ದಾಗ್ಲೇ ಹಣಿ ಒರಸಿ ತೆಗದ್ರಲ್ಲ, ಅದು ಅದ ಅಲ್ರೀ. ಅದನ್ನ ಹಚ್ರಿ."

ಬೂದೆಮ್ಮ ಈ ಸಲ ಬ್ಯಾಡ ಅನ್ನಲಿಲ್ಲ. ನಾನು ಆ ಫೋಟೋ ಹುಡುಕಿ, ಹಸಿರು ಅಳಿಸಿ ಬಿಳಿ ಮಾಡಿ ಹಚ್ಚಿದೆ. ಆ ಅರ್ಜಿ ಒಂದೇ ಸಲಕ್ಕೆ ಪಾಸಾಯಿತು.