ಟೇಪು ಭಾವ ನದಿಯ ಅಳತೆ ತೆಗೆದದ್ದು

ಇದು ನಡೆದ ಕಥೆ. ನಂಬಿಕೆ ಬಾರದವರು ಟೇಪು ಭಾವನ ಅಂಗಡಿಗೇ ಹೋಗಿ ಕೇಳಬಹುದು. ನಿಮ್ಮ ಪ್ಯಾಂಟಿನ ಉದ್ದ ಅಳೆಯುತ್ತಲೇ ಪೂರ್ತಿ ಹೇಳುತ್ತಾರೆ, ನಡುವೆ ಟೀ ಕೂಡ ತರಿಸುತ್ತಾರೆ. ಪ್ಯಾಂಟು ಮಾತ್ರ ಹೇಳಿದ ದಿನಕ್ಕೆ ಸಿಗುವುದಿಲ್ಲ.

ಟೇಪು ಭಾವ ಎಂದರೆ ಬೀದಿ ಮೂಲೆಯ ಟೈಲರು. ಕೊರಳಲ್ಲಿ ಟೇಪು ಇಲ್ಲದೆ ಅವರನ್ನು ಕಂಡವರಿಲ್ಲ. ಮಲಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ ಅವರ ಹೆಂಡತಿಗೇ ಗೊತ್ತು. ಈ ಹೆಸರಿಟ್ಟವಳು ಹೆಂಡತಿಯ ತಂಗಿ, ಅಂದರೆ ನಾದಿನಿ. ಅವಳು ನದಿ ದಾಟಿಸುವ ಲಾಂಚಿನಲ್ಲಿ ಕೆಲಸಕ್ಕಿದ್ದಾಳೆ. ಲಾಂಚು ದಡ ಮುಟ್ಟುವಾಗ ಹಗ್ಗ ಎಸೆದು ಗೂಟಕ್ಕೆ ಬಿಗಿಯುವುದು ಅವಳ ಕೆಲಸ. ಅದಕ್ಕೆ ಭಾವ ಅವಳನ್ನು ಹಗ್ಗದಮ್ಮ ಅನ್ನುತ್ತಾರೆ. ಸರಿಗೆ ಸರಿಯಾಯಿತು.

ಹಗ್ಗದಮ್ಮನಿಗೆ ಇನ್ನೊಂದು ವಿದ್ಯೆಯೂ ಇದೆ. ಯಾರ ದನಿಯನ್ನಾದರೂ ತದ್ರೂಪವಾಗಿ ತೆಗೆಯುತ್ತಾಳೆ. ಲಾಂಚಿನ ಎಂಜಿನ್ನು ಕೆಮ್ಮುವುದು, ಟಿಕೆಟ್ ಕೊಡುವವನು ಚಿಲ್ಲರೆ ಇಲ್ಲ ಅನ್ನುವುದು, ಭಾವ ಗಿರಾಕಿಗೆ 'ನಾಳೆ ಗ್ಯಾರಂಟಿ' ಅನ್ನುವುದು. ಕೊನೆಯದನ್ನು ಒಮ್ಮೆ ಅಂಗಡಿಯ ಫೋನಿನಲ್ಲಿ ಮಾಡಿಬಿಟ್ಟಿದ್ದಳು. ಮರುದಿನ ಗಿರಾಕಿ ನಿಜವಾಗಿಯೂ ಬಂದು ನಿಂತಾಗ ಭಾವ ಹಿಂದಿನ ಬಾಗಿಲಿಂದ ಕಾಲ್ಕಿತ್ತಿದ್ದರು.

ಇನ್ನು ಅತ್ತೆಯ ವಿಷಯ. ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾವನ ಅತ್ತೆ ಇದ್ದಾರೆ. ಮಂಡಿಯ ಆಪರೇಷನ್ ಆಗಿ ಒಂಬತ್ತು ತಿಂಗಳು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಗೋಡೆಯ ಮೇಲೊಂದು ನೀರಿನ ಪೈಪು. ಆ ಪೈಪು ದಿನಕ್ಕೆ ಎಷ್ಟು ಹನಿ ಸೋರುತ್ತದೆ ಎನ್ನುವುದು ಅತ್ತೆಗೆ ಬಾಯಿಪಾಠ. ಭಾವನಿಗೆ ಕಾಜಾ ಹೊಲಿಯಲು ಕಲಿಸಿದವರು ಇದೇ ಅತ್ತೆ. ಅಂಗಡಿಯ ಮೊದಲ ಹೊಲಿಗೆ ಮಷೀನೂ ಅವರದೇ. ಹಾಗಾಗಿ ಒಂದು ಸಂಜೆ ಅವರು ಬಾಯಿಬಿಟ್ಟು ಕೇಳಿದ್ದು ಅಳಿಯನ ಮನಸ್ಸಿನಲ್ಲಿ ಗುಂಡುಸೂಜಿಯ ಹಾಗೆ ನಾಟಿಕೊಂಡಿತು.

"ಒಂದು ಸಲ ನೀರಿಗೆ ಕಾಲಿಡ್ಬೇಕು ಅಳಿಯಂದಿರೇ. ಬಕೆಟ್ ನೀರಲ್ಲ. ಹರಿಯೋ ನೀರು."

ಮುಂದಿನ ರಜಾ ದಿನವೇ ಬಾಡಿಗೆ ವ್ಯಾನು ಬಂತು. ಪ್ಲಾಸ್ಟಿಕ್ ಕುರ್ಚಿ, ದೊಡ್ಡ ಕೊಡೆ, ಅತ್ತೆಯ ಶಾಲು, ಮಂಡಿಯ ಕೆಳಗಿಡುವ ಉದ್ದನೆಯ ದಿಂಬು, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕು ಎಲ್ಲ ಏರಿದವು. ಅತ್ತೆಯನ್ನು ಭಾವನ ಹೆಂಡತಿ ಹಿಡಿದು ಹತ್ತಿಸಿದಳು. ಹಗ್ಗದಮ್ಮ ತನ್ನ ಹಗ್ಗದ ಸುರುಳಿಯನ್ನೂ ಹೆಗಲಿಗೆ ಹಾಕಿಕೊಂಡು ಬಂದಳು. ಬಟ್ಟೆ ಒಣಗಿಸೋಕಾ ಎಂದು ಭಾವ ಕೇಳಿದರು. ನಿಮ್ಮನ್ನು ಒಣಗಿಸೋಕೆ ಎಂದಳು.

ಅವರು ಹೋದದ್ದು ಲಾಂಚಿನ ಕಟ್ಟೆಯಿಂದ ಒಂದಷ್ಟು ಕೆಳಗೆ, ಜೊಂಡಿನ ನಡುವಿನ ಕಾಲುದಾರಿ ಇಳಿದರೆ ಸಿಗುವ ಮರಳಿನ ದಡಕ್ಕೆ. ಭಾವ ಕೊನೆಯ ಜೊಂಡನ್ನು ಸರಿಸಿದವರು ಅಲ್ಲೇ ನಿಂತುಬಿಟ್ಟರು. ಅಂಗಡಿಯಿಲ್ಲ, ಬೆಂಚಿಲ್ಲ, ಬೋರ್ಡಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ಇಸ್ತ್ರಿ ಮಾಡಿ ಹಾಸಿದಂಥ ಮರಳು. ಅದರಾಚೆ ನದಿ, ಎಷ್ಟು ಅಗಲವೆಂದರೆ ಆ ದಡದ ಮರಗಳು ಹಸಿರು ದಾರದ ಒಂದೆಳೆಯ ಹಾಗೆ ಕಾಣುತ್ತಿದ್ದವು. ನಡುನೀರಿನಲ್ಲಿ ಕೆಂಪು, ಹಸಿರು ಪೀಪಾಯಿಗಳು ತೇಲುತ್ತಿದ್ದವು. ಅವುಗಳ ನಡುವೆ ಹಡಗುಗಳ ದಾರಿ ಎಂದು ನಾದಿನಿ ಹೇಳಿದಳು. ಇಷ್ಟು ಹತ್ತಿರದಲ್ಲಿ ಇಂಥದ್ದೊಂದು ಇಟ್ಟುಕೊಂಡು ಒಂಬತ್ತು ತಿಂಗಳು ಪೈಪು ನೋಡಿಸಿದೆವಲ್ಲ ಎಂದು ಭಾವ ತನ್ನನ್ನೇ ಬೈದುಕೊಂಡರು.

ತಡಮಾಡಲಿಲ್ಲ. ಕೊರಳಿನ ಟೇಪು ಎಳೆದರು. ನೀರಿನ ಅಂಚಿನಿಂದ ಮೂರು ಟೇಪು ಉದ್ದ, ಅಂದರೆ ಹದಿನೈದು ಅಡಿ ಅಳೆದು ಕಾಲಿನಿಂದ ಗೆರೆ ಎಳೆದರು. ಅತ್ತೆಯ ಕುರ್ಚಿ ಇಲ್ಲಿ ಎಂದರು. ಮೊದಲು ನದಿ ನೋಡಲಿ, ಸುಧಾರಿಸಿಕೊಳ್ಳಲಿ, ಆಮೇಲೆ ಕಾಲಿಳಿಸೋಣ.

ನಾದಿನಿ ಬೇಡವೆಂದು ತಲೆಯಾಡಿಸಿದಳು. ಭಾವನನ್ನು ಗೆರೆಯಿಂದ ಇನ್ನೂ ಮೇಲಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಣಕಡ್ಡಿ, ಬಾಟಲಿಯ ಮುಚ್ಚಳ, ಒಂಟಿ ಚಪ್ಪಲಿ, ಜೊಂಡಿನ ಚೂರು, ಎಲ್ಲ ದಡದುದ್ದಕ್ಕೂ ಸಾಲಾಗಿ ಬಿದ್ದಿದ್ದವು.

"ಇದನ್ನೆಲ್ಲ ಇಲ್ಲಿ ಯಾರು ತಂದಿಟ್ರು ಭಾವ?"

"ಬಂದ ಜನ ಎಸೆದಿರ್ತಾರೆ."

"ಇಷ್ಟು ಸಾಲಾಗಿ ಎಸೆಯೋ ಜನ ಇದ್ದಿದ್ರೆ ನಮ್ಮ ಲಾಂಚಿಗೆ ಕ್ಯೂ ನಿಲ್ತಿರ್ಲಿಲ್ವಾ? ನೀರು ತಂದಿಟ್ಟಿದ್ದು. ದೊಡ್ಡ ಹಡಗು ಹೋದಾಗ ಇಲ್ಲೀವರೆಗೂ ಬರುತ್ತೆ. ಅಮ್ಮನ ಕುರ್ಚಿ ಇದಕ್ಕಿಂತ ಮೇಲಿರ್ಲಿ."

ಭಾವ ನಕ್ಕರು. ಹಡಗು ಅಷ್ಟು ದೂರದಲ್ಲಿ ಹೋಗುತ್ತದೆ, ಹತ್ತಿರ ಬಂದರೆ ಹಾರ್ನ್ ಹೊಡೆಯುತ್ತದೆ, ಆಗ ಎದ್ದರಾಯಿತು. ಮೂವತ್ತು ವರ್ಷದಿಂದ ತನ್ನ ಅಳತೆ ತಪ್ಪಿಲ್ಲ ಎಂದರು. ಪ್ರತಿ ಹಡಗೂ ಪ್ರತಿ ದಡಕ್ಕೂ ಹಾರ್ನ್ ಹೊಡೆಯುವುದಿಲ್ಲ ಎಂದಳು ನಾದಿನಿ. ಮತ್ತೆ ಅವರಿಗೆ ಅರ್ಥವಾಗುವ ಮಾತಿನಲ್ಲೇ ಕೇಳಿದಳು.

"ಹೊಸ ಬಟ್ಟೆ ನೀರಿಗೆ ಹಾಕಿದ್ರೆ ಕುಗ್ಗುತ್ತೆ ಅಂತ ನೀವೇ ಮಾರ್ಜಿನ್ ಬಿಡ್ತೀರಿ. ನದಿಗೆ ಯಾಕೆ ಬಿಡಲ್ಲ?"

ಮಾತೇನೋ ಚೆನ್ನಾಗಿತ್ತು. ಆದರೆ ಭಾವ ತಾನು ಎಳೆದ ಗೆರೆಯ ಮೇಲೆ ಒಂಟಿಕಾಲಿನಲ್ಲಿ ನಿಂತಿದ್ದರು. ನಾದಿನಿ ಅಕ್ಕನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಹಠಾತ್ತನೆ ಒಪ್ಪಿಕೊಂಡಳು. ಸರಿ, ಕುರ್ಚಿ ನಾವು ಹಾಕ್ತೀವಿ, ನೀವು ಹೋಗಿ ವ್ಯಾನಿನಿಂದ ಫ್ಲಾಸ್ಕು ತನ್ನಿ. ನಾದಿನಿ ಅಷ್ಟು ಬೇಗ ಒಪ್ಪಿದರೆ ಅನುಮಾನ ಪಡಬೇಕು ಎಂಬುದು ಭಾವನಿಗೆ ಹೊಳೆಯಲಿಲ್ಲ. ಗೆದ್ದ ಸಂತೋಷದಲ್ಲಿ ದಾಪುಗಾಲು ಹಾಕಿದರು.

ಫ್ಲಾಸ್ಕು ಹಿಡಿದು ಮರಳಿ ಬಂದಾಗ ಗೆರೆಯ ಮೇಲೆ ಕುರ್ಚಿ, ನದಿಯ ಕಡೆ ಮುಖ. ಕೊಡೆಯ ನೆರಳಿನಲ್ಲಿ ಶಾಲು ಹೊದ್ದ ಅತ್ತೆಯ ಬೆನ್ನು. ನಾದಿನಿ ಪಕ್ಕದಲ್ಲಿ ಬಗ್ಗಿ ಕೊಡೆಯ ಕೋಲನ್ನು ಮರಳಿಗೆ ಒತ್ತುತ್ತಿದ್ದಳು. ಹೆಂಡತಿ ಮೇಲೆ ಮರಗಳ ಕಡೆ ಹೋಗಿದ್ದಾಳಂತೆ. ಟೀ ಬಗ್ಗಿಸಲೇ ಎಂದು ಭಾವ ಕೂಗಿದರು.

"ಆಮೇಲೆ ಅಳಿಯಂದಿರೇ," ಎಂದು ಅತ್ತೆಯ ದನಿ ಬಂತು. "ಸ್ವಲ್ಪ ಹೊತ್ತು ನನ್ನನ್ನ ನದಿ ಜೊತೆ ಬಿಡಿ."

ಭಾವನ ಕಣ್ಣು ಒದ್ದೆಯಾಯಿತು. ನಾದಿನಿ ಬಂದು ಪಕ್ಕದಲ್ಲಿ ನಿಂತದ್ದನ್ನೂ, ಹಗ್ಗದ ಒಂದು ತುದಿಯನ್ನು ದಡದ ಮರದ ಬುಡಕ್ಕೆ ಸುತ್ತಿದ್ದನ್ನೂ ಅವರು ಗಮನಿಸಲಿಲ್ಲ.

ಆಗ ಹಡಗು ಬಂತು. ಸದ್ದಿಲ್ಲ, ಹಾರ್ನಿಲ್ಲ. ಒಂದು ಬೀದಿಯೇ ಎದ್ದು ತೇಲಿ ಬಂದ ಹಾಗೆ ತಿರುವಿನಿಂದ ಹೊರಬಂತು. ಬೆನ್ನ ಮೇಲೆ ಕೆಂಪು, ನೀಲಿ, ಹಳದಿ ಪೆಟ್ಟಿಗೆಗಳ ಅಟ್ಟಣೆ, ಭಾವನ ಅಂಗಡಿಯ ದಾರದ ಉಂಡೆಗಳ ಕಪಾಟಿನ ಹಾಗೆ. ಅಷ್ಟೆತ್ತರದಲ್ಲಿ ಒಬ್ಬ ನಾವಿಕ, ಬೆರಳುಗಾತ್ರದವನು, ಕೈ ಬೀಸಿದ. ಭಾವ ಎರಡೂ ಕೈ ಎತ್ತಿ ಬೀಸಿದರು. ಮನುಷ್ಯರು ಇಂಥದ್ದನ್ನೂ ಹೊಲಿಯುತ್ತಾರಲ್ಲ ಎಂದುಕೊಂಡರು. ಹಡಗು ನಿಧಾನವಾಗಿ ದಾಟಿ ಮುಂದೆ ಹೋಯಿತು.

"ಹೋಯ್ತು ನೋಡು. ಒಂದು ಹನಿ ಮೇಲೆ ಬಂತಾ?"

"ನೀರೆಲ್ಲಿದೆ ನೋಡಿ ಭಾವ."

ನೀರು ಹಿಂದೆ ಸರಿದಿತ್ತು. ಅಂಚಿದ್ದಲ್ಲಿ ಒದ್ದೆ ಮರಳು ಹೊಳೆಯುತ್ತಿತ್ತು, ಒಂದೆರಡು ಪುಟ್ಟ ಮೀನು ಪಟಪಟ ಎನ್ನುತ್ತಿದ್ದವು. ಭಾವನಿಗೆ ಇನ್ನೂ ಖುಷಿ. ಅತ್ತೆಗೆ ಜಾಗ ಜಾಸ್ತಿಯಾಯಿತು ಎಂದರು.

"ಅದು ಹೋಗಿಲ್ಲ ಭಾವ. ಹಡಗು ನೀರನ್ನ ತನ್ನ ಕಡೆ ಎಳ್ಕೊಂಡಿದೆ. ಈಗ ವಾಪಸ್ ಬರುತ್ತೆ. ಮೇಲಕ್ಕೆ ನಡೀರಿ."

ದೂರದಲ್ಲಿ ಒಂದು ಬಿಳಿ ಅಂಚು ಕಾಣಿಸಿತು. ಅದು ಓಡಿ ಬರುತ್ತಿತ್ತು. ಭಾವ ಫ್ಲಾಸ್ಕು ಕೆಡವಿ ಓಡಿದರು, ಮೇಲಕ್ಕಲ್ಲ, ಕೆಳಕ್ಕೆ. ಹಿಂದಿನಿಂದ ನಾದಿನಿ ಕೂಗಿದ್ದು ಕಿವಿಗೆ ಬೀಳಲಿಲ್ಲ. ಕೊಡೆಯನ್ನು ಒದ್ದು, ಅತ್ತೆಯನ್ನು ಶಾಲಿನ ಸಮೇತ ಬಾಚಿ ಅಪ್ಪಿಕೊಂಡರು. ಎಷ್ಟು ಹಗುರಾಗಿದ್ದಾರೆ, ಒಂಬತ್ತು ತಿಂಗಳಲ್ಲಿ ಇಷ್ಟು ಕರಗಿದರೇ, ನಮ್ಮ ಕಣ್ಣಿಗೆ ಬೀಳಲೇ ಇಲ್ಲವೇ ಎಂದುಕೊಂಡು ಇನ್ನೂ ಬಿಗಿಯಾಗಿ ಅವಚಿಕೊಂಡರು.

"ಹೆದರ್ಬೇಡಿ ಅತ್ತೆ, ನಾನಿದ್ದೀನಿ."

ಅಷ್ಟರಲ್ಲಿ ನೀರು ಬಂದು ಬಡಿಯಿತು. ಮಂಡಿ ಮಟ್ಟದ ನೀರಷ್ಟೇ. ಆದರೆ ಬರುವಾಗ ಅವರನ್ನು ಕೆಡವಿತು, ಹೋಗುವಾಗ ಕಾಲಡಿಯ ಮರಳನ್ನೂ ಸೇರಿಸಿಕೊಂಡು ಎಳೆಯಿತು. ಕುರ್ಚಿ ಉರುಳುತ್ತ ನದಿಗೆ ಹೋಯಿತು. ಭಾವನೂ ಅದರ ಹಿಂದೆಯೇ ಜಾರುತ್ತಿದ್ದರು. ಆಗ ಹಗ್ಗ ಬಂದು ಭುಜದ ಮೇಲೆ ಬಿತ್ತು. ಒಂದು ಕೈಯಲ್ಲಿ ಹಿಡಿದರು. ಇನ್ನೊಂದು ಕೈಯಲ್ಲಿ ಅತ್ತೆ.

"ಎರಡೂ ಕೈಯಲ್ಲಿ ಹಿಡೀರಿ ಭಾವ. ಅದನ್ನ ಬಿಡಿ, ಅದು ದಿಂಬು."

ಭಾವ ಬಿಡಲಿಲ್ಲ. ನಾದಿನಿ ಎಳೆದು ಮೇಲೆ ತಂದು ಮರಳಿನ ಮೇಲೆ ಕೂರಿಸಿದ ಮೇಲೂ ಬಿಡಲಿಲ್ಲ. ಆಮೇಲೆ ಮೆಲ್ಲನೆ ಶಾಲು ಸರಿಸಿದರು. ಮಂಡಿಯ ಕೆಳಗಿಡುವ ಉದ್ದನೆಯ ದಿಂಬು, ನೀರು ಕುಡಿದು ಊದಿಕೊಂಡಿತ್ತು. ತಲೆಯೆತ್ತಿ ನೋಡಿದರೆ ಕಡ್ಡಿಕಸದ ಸಾಲಿಗಿಂತ ಎಷ್ಟೋ ಮೇಲೆ, ಮರದ ನೆರಳಿನಲ್ಲಿ, ಅತ್ತೆ ಊರುಗೋಲು ಹಿಡಿದು ಎದ್ದು ನಿಂತಿದ್ದರು. ಹೆಂಡತಿ ಅವರ ತೋಳು ಹಿಡಿದು ಅಳುತ್ತಿದ್ದಳು.

ಯಾರೂ ನಗಲಿಲ್ಲ. ಆಗಷ್ಟೇ ಅಮ್ಮನ ದನಿ ತೆಗೆದು ಭಾವನನ್ನು ನಂಬಿಸಿದ್ದ ಹಗ್ಗದಮ್ಮನಿಗೆ ಈಗ ತನ್ನ ದನಿಯೇ ಹೊರಡಲಿಲ್ಲ. ಅವಳ ಅಂಗೈ ಹಗ್ಗ ಉಜ್ಜಿ ಕೆಂಪಾಗಿತ್ತು.

"ನೀವು ಮೇಲಕ್ಕೆ ಓಡ್ತೀರ ಅಂದ್ಕೊಂಡಿದ್ದೆ," ಎಂದಳು ಕೊನೆಗೆ. "ನನ್ನ ಅಳತೆನೂ ತಪ್ತು ಭಾವ. ಇಂಥ ಆಟ ಇನ್ನು ಆಡಲ್ಲ."

ಭಾವ ಎದ್ದು ಒದ್ದೆ ಟೇಪು ಬಿಚ್ಚಿ, ತನ್ನ ಗೆರೆ ಇದ್ದ ಜಾಗದಿಂದ ನೀರು ಮುಟ್ಟಿದ ಗುರುತಿನವರೆಗೆ ಅಳೆದರು. ಇನ್ನೂ ಎರಡು ಟೇಪು, ಹತ್ತು ಅಡಿ. ನೀರು ಸರಿಯಾಗಿ ಆ ಒಂಟಿ ಚಪ್ಪಲಿಯ ಪಕ್ಕ ನಿಂತಿತ್ತು. ಒಂದು ಒಣಕಡ್ಡಿಯಷ್ಟೂ ವ್ಯತ್ಯಾಸವಿಲ್ಲ.

"ಅತ್ತೆ ಆ ಗೆರೆ ಮೇಲೆ ಕೂತಿದ್ರೆ..." ಎಂದು ಶುರುಮಾಡಿ, ಮುಗಿಸದೆ, ಮೂಗು ಒರೆಸಿಕೊಂಡರು.

ಆಮೇಲೆ ನಾದಿನಿ ಹೇಳಿದ ಹಾಗೆಯೇ ಎಲ್ಲ ನಡೆಯಿತು. ಅವಳು ಲಾಂಚಿನವರಿಗೆ ಫೋನು ಮಾಡಿ ಮುಂದಿನ ದೊಡ್ಡ ಹಡಗು ಎಷ್ಟು ದೂರದಲ್ಲಿದೆ ಎಂದು ಕೇಳಿದಳು. ತೆರೆಗಳೆಲ್ಲ ಬಂದು ಹೋಗಿ ನೀರು ಸುಮ್ಮನಾಗುವವರೆಗೆ ಕಾದರು. ನದಿಯ ಎರಡೂ ಕಡೆ ನೋಡಿದರು. ಅತ್ತೆಯ ಒಂದು ತೋಳನ್ನು ಅಳಿಯ, ಇನ್ನೊಂದನ್ನು ದೊಡ್ಡ ಮಗಳು ಹಿಡಿದು, ಪಾದ ಮುಳುಗುವಷ್ಟು ನೀರಿಗೆ ಇಳಿಸಿದರು. ಹಗ್ಗದಮ್ಮ ಕಾವಲು ನಿಂತು ತಿರುವಿನ ಕಡೆಯಿಂದ ಕಣ್ಣು ಕೀಳಲಿಲ್ಲ. ಹರಿಯುವ ನೀರು ಬೆರಳುಗಳ ಸಂದಿಯಲ್ಲಿ ನುಗ್ಗಿದಾಗ ಅತ್ತೆ ಕಣ್ಣು ಮುಚ್ಚಿ, ಪೈಪು ಸುಳ್ಳು, ಇದು ನಿಜ ಎಂದರು. ಹತ್ತು ನಿಮಿಷಕ್ಕೆ ಹಿಂದಿರುಗಿದರು. ದಡದಲ್ಲಿ ಬಿದ್ದ ಮೊಟ್ಟೆಯ ಸಿಪ್ಪೆ, ಬ್ರೆಡ್ಡಿನ ಕಾಗದ ಆಯ್ದು ಚೀಲಕ್ಕೆ ತುಂಬಿದರು. ಕಸ ಒಯ್ಯಲು ಅಲ್ಲಿಗೆ ಯಾರೂ ಬರುವುದಿಲ್ಲವಲ್ಲ.

ನಿಮ್ಮೂರಿನ ಹತ್ತಿರವೂ ಇಂಥದ್ದೊಂದು ದಡ ಇರಬಹುದು. ಖಂಡಿತ ಹೋಗಿ, ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಲ್ಲಿ ಕಾಯುವವರಿಲ್ಲ, ಬೋರ್ಡಿಲ್ಲ. ಆದರೆ ಕಡ್ಡಿಕಸದ ಸಾಲೇ ನದಿ ಬರೆದ ಬೋರ್ಡು. ಅದಕ್ಕಿಂತ ಸಾಕಷ್ಟು ಮೇಲೆ ಕೂತುಕೊಳ್ಳಿ. ಹಡಗು ದಾಟಿತೆಂದರೆ ಮುಗಿಯಿತು ಎಂದುಕೊಳ್ಳಬೇಡಿ, ಅಲ್ಲಿಂದಲೇ ಶುರು. ನೀರು ಹಿಂದೆ ಸರಿದರೆ ಮೀನು ಹಿಡಿಯಲು, ಚಿಪ್ಪು ಆಯಲು ಇಳಿಯದೆ, ಮಕ್ಕಳ ಕೈ ಹಿಡಿದು ಮೇಲಕ್ಕೆ ನಡೆಯಿರಿ. ಕುರ್ಚಿ, ಚಪ್ಪಲಿ, ಫೋನು ಹೋದರೆ ಹೋಗಲಿ, ಹಿಂದೆ ಹೋಗಬೇಡಿ. ಟೇಪು ಭಾವ ಈಗ ಪ್ರತಿ ಗಿರಾಕಿಗೂ ಹೇಳುವುದು ಇಷ್ಟೇ: ನದಿಗೆ ಮಾರ್ಜಿನ್ ಬಿಡಿ.

ಆ ದಿಂಬು ಒಣಗಿ, ಹೊಸ ಗವಸು ತೊಟ್ಟು, ಅಂಗಡಿಯ ಬೆಂಚಿನ ಮೇಲೆ ಕೂತಿದೆ. ರಜೆಯ ದಿನ ನಾದಿನಿ ಬಂದರೆ ಕಥೆ ಅವಳ ಪಾಲು. ದಿಂಬನ್ನು ಎದೆಗವಚಿಕೊಂಡು, ಭಾವನ ದನಿಯಲ್ಲೇ, "ಹೆದರ್ಬೇಡಿ ಅತ್ತೆ, ನಾನಿದ್ದೀನಿ" ಎನ್ನುತ್ತಾಳೆ. ಅಳತೆ ಕೊಡಲು ನಿಂತ ಗಿರಾಕಿ ನಗುತ್ತಾನೆ. ಹಿಂದಿನ ಕೋಣೆಯಿಂದ ಅತ್ತೆ, ನನ್ನ ಯಜಮಾನರೂ ಯಾವತ್ತೂ ನನ್ನನ್ನ ಇಷ್ಟು ಬಿಗಿಯಾಗಿ ಹಿಡ್ಕೊಂಡಿರ್ಲಿಲ್ಲ ಎಂದು ಕೂಗಿ ನಗುತ್ತಾರೆ. ಆದರೆ ಬೀದಿಯ ಆ ತುದಿಗೂ ಕೇಳುವ ಹಾಗೆ, ಬಾಯಲ್ಲಿದ್ದ ಗುಂಡುಸೂಜಿಗಳನ್ನೆಲ್ಲ ಉದುರಿಸಿಕೊಂಡು, ಹೊಟ್ಟೆ ಹಿಡಿದು ನಗುವವರು ಟೇಪು ಭಾವನೇ.