ಮೊದಲ ತನಿ

ಕೋಣನಕುಂಟೆಯ ಹಳೇ ಊರಿನಲ್ಲಿ ಒಂದು ಹುತ್ತವಿತ್ತು, ಪಕ್ಕದಲ್ಲಿ ನಾಗರಕಲ್ಲು. ರಸ್ತೆ ಅಗಲವಾದಾಗ ಹುತ್ತ ಹೋಯಿತು. ಕಲ್ಲು, ಅದರ ಹಿಂದಿನ ಮಣ್ಣಿನ ದಿಬ್ಬ, ದಿಬ್ಬದ ಮೇಲಿನ ಹೊಂಗೆಮರ ಉಳಿದವು. ಶಿವ ತನಗೆಂದು ಅಷ್ಟನ್ನು ಬಿಡಿಸಿಕೊಂಡಿದ್ದ ಹಾಗೆ. ನಾಗರಪಂಚಮಿಗೆ ಅಲ್ಲಿ ಮೊದಲ ತನಿ ಎರೆಯುವುದು ಜಯದೇವಿಯ ಮನೆಯವರು. ಅವರ ಚೊಂಬಿನ ಹಾಲು ಎಲ್ಲಿ ಬೀಳುತ್ತದೋ ಅಲ್ಲಿಯೇ ಮಿಕ್ಕವರೂ ಎರೆಯಬೇಕು. ಅಲ್ಲಿಯತನಕ ಎಲ್ಲರಿಗೂ ಉಪವಾಸ. ಊರು ಬಡಾವಣೆಯಾದರೂ ಈ ಕಟ್ಟಳೆ ಸವೆದಿರಲಿಲ್ಲ.

ಈ ಸಲ ಆಷಾಢದಲ್ಲಿ ದಿಬ್ಬದ ಬುಡದಲ್ಲೊಂದು ಗುಂಡನೆಯ ಬಿಲ ಕಂಡಿತು. ಬಾಯಿಯ ಸುತ್ತ ಬೆಳ್ಳಗೆ ಏನೋ ಅಂಟಿಕೊಂಡಿತ್ತು. ಜಯನಗರದಿಂದ ಬಂದು ಎದುರಿನ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದ್ದ ಚೂಡಾಮಣಿ, ಬ್ಯಾಂಕಿನಿಂದ ನಿವೃತ್ತಳಾದವಳು, ಅದನ್ನು ನೋಡಿ ನಿಂತಲ್ಲೇ ಕೈಮುಗಿದಳು. ಹಾವಿನ ಪೊರೆ ಅದು, ನಾಗಪ್ಪ ಮರಳಿ ಬಂದಿದ್ದಾನೆ ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದಳು. ಈ ಪಂಚಮಿಗೆ ಕಲ್ಲಿಗಲ್ಲ, ಬಿಲಕ್ಕೇ ಹಾಲು ಎಂದು ತೀರ್ಮಾನವಾಯಿತು.

ಒಳಗಿರುವುದು ಯಾರೆಂದು ಜಯದೇವಿಗೆ ಗೊತ್ತಿತ್ತು. ಪೂಜೆಗೆ ಕಣಗಲೆ ಬಿಡಿಸಲು ಹೋದ ಒಂದು ಬೆಳಿಗ್ಗೆ ಬಿಲದ ಬಾಯಲ್ಲಿ ಅಂಗೈಯಗಲದ ಜೇಡ ಕೂತಿತ್ತು. ಮೈತುಂಬ ಕೂದಲು. ಕಾಲುಗಳ ನಡುವೆ ನೂಲುಂಡೆಯಂಥ ಮೊಟ್ಟೆಯ ಗಂಟು; ಅದನ್ನು ಎಳೆಬಿಸಿಲಿಗೆ ಹಿಡಿದು ಕಾಯಿಸುತ್ತಿತ್ತು. ಪೊರೆಯೆಂದುಕೊಂಡದ್ದು ಅದು ನೇಯ್ದ ಬಲೆ. ಸೊಸೆ ಅಂಜನಾ ಫೋಟೊ ತೆಗೆದು ಜೇಡಗಳ ಬಗ್ಗೆ ತಿಳಿದವರಿಗೆ ಕಳಿಸಿದಳು. ಇದು ಟರಾಂಟುಲಾ ಜಾತಿಯ ಹೆಣ್ಣು ಜೇಡ, ನಿಮ್ಮ ಕಡೆ ಕಂಡ ದಾಖಲೆ ನಮ್ಮಲ್ಲಿಲ್ಲ ಎಂದು ಉತ್ತರ ಬಂತು. ಬಿಲಕ್ಕೆ ಏನನ್ನೂ ಸುರಿಯಬೇಡಿ, ಗಂಟು ಕೊಳೆತುಹೋಗುತ್ತದೆ ಎಂದೂ ಬರೆದಿದ್ದರು.

ಜಯದೇವಿ ಇದನ್ನೆಲ್ಲ ಹೇಳಲು ಹೋದಾಗ ಚೂಡಾಮಣಿ ನಕ್ಕಳು. ದಾಖಲೆಯೇ ಇಲ್ಲವೆಂದ ಮೇಲೆ ಅಂಥದ್ದು ಇಲ್ಲಿ ಇರುವುದು ಹೇಗೆ ಎಂದಳು. ಹಾಗಾದರೆ ನಿಮ್ಮ ನಾಗಪ್ಪನ ದಾಖಲೆ ಎಲ್ಲಿದೆ ಎಂದು ಕೇಳಿ ಜಯದೇವಿ ಎದ್ದು ಬಂದಳು.

ಪಂಚಮಿಯ ಬೆಳಿಗ್ಗೆ ಹೆಂಗಸರೆಲ್ಲ ಚೊಂಬು ಹಿಡಿದು ನೆರೆದರು. ಜಯದೇವಿ ಬಂದವಳೇ ಬಿಲದ ಪಕ್ಕ ನೆಲದ ಮೇಲೆ ಕೂತಳು. ಹಾಲಿನ ಚೊಂಬು ಮಡಿಲಲ್ಲಿತ್ತು. ಕಲ್ಲಿಗೆ ಎರೆಯಲು ಎದ್ದು ಹೋದರೆ ಬಿಲಕ್ಕೆ ಯಾರಾದರೂ ಸುರಿದುಬಿಟ್ಟಾರು ಎಂಬ ಭಯ ಅವಳಿಗೆ.

“ಎರೀರಿ ಜಯದೇವಿಯವ್ರೆ, ಬಿಸಿಲೇರ್ತಿದೆ,” ಎಂದಳು ಚೂಡಾಮಣಿ.

“ಇದಕ್ಕೆ ಎರೆಯಲ್ಲ. ಒಳಗೆ ಬಾಣಂತಿ ಇದ್ದಾಳೆ. ಬಾಣಂತಿ ಕೋಣೆಗೆ ಯಾರಾದ್ರೂ ಕೊಡಗಟ್ಲೆ ಹಾಲು ಸುರೀತಾರಾ?”

“ಒಂದು ಜೇಡಕ್ಕೋಸ್ಕರ ದೇವ್ರನ್ನ ಕಾಯಿಸ್ತೀರಾ? ದಿನಾ ಶಿವಪೂಜೆ ಮಾಡೋರು ನೀವು.”

“ಮಾಡೋದಕ್ಕೇ ಕೂತಿರೋದು.”

ಹೊತ್ತು ಏರಿತು. ಹಸಿವಿಗೆ ಕೆಲವರು ಕಲ್ಲಿನ ಕಟ್ಟೆಗೊರಗಿದರು. ಜಯದೇವಿಯ ತುಟಿಯೂ ಒಣಗಿತ್ತು, ಆದರೂ ಕದಲಲಿಲ್ಲ. ಕೊನೆಗೆ ಚೂಡಾಮಣಿ, ಕಟ್ಟಳೆ ಮುರಿದ ಪಾಪ ತನಗೇ ಇರಲಿ ಎಂದು ಚೊಂಬು ಬಾಗಿಸಿಕೊಂಡು ಮುಂದೆ ಬಂದಳು. ಜಯದೇವಿ ಬಲಗೈಯನ್ನು ಬಿಲದ ಬಾಯಿಗೆ ಅಡ್ಡ ಇಟ್ಟಳು.

“ಅತ್ತೆ, ಕಚ್ಚತ್ತೆ,” ಎಂದಳು ಅಂಜನಾ.

“ಕಚ್ಚಲಿ. ಅವಳ ಮನೆ ಬಾಗ್ಲು.” ಆಮೇಲೆ ಚೂಡಾಮಣಿಯ ಕಡೆ ತಿರುಗಿ, “ಹುಯ್ಯಿರಿ. ನನ್ನ ಕೈ ಮೇಲೆ ಹುಯ್ಯಿರಿ,” ಎಂದಳು.

ಅಂಗೈಗೆ ಒಳಗಿನಿಂದ ಏನೋ ಹಗುರವಾಗಿ ತಾಕಿತು, ತಾಕಿ ಹಿಂದೆ ಸರಿಯಿತು. ಜಯದೇವಿ ಕಣ್ಣುಮುಚ್ಚಿ ಶಿವಶಿವಾ ಎಂದಳು. ಕೈ ಮಾತ್ರ ತೆಗೆಯಲಿಲ್ಲ. ಚೂಡಾಮಣಿಯ ಚೊಂಬು ಬಾಗಿದಲ್ಲೇ ನಿಂತಿತು.

ಆಗ ಹಳೇ ಊರಿನ ಸಪ್ಪಲಮ್ಮಜ್ಜಿ ಕಟ್ಟೆಯ ಮೇಲಿಂದ ಗೊಣಗಿದಳು. “ಸಕ್ಕರೆ ಕಾಯ್ಲೆಯೋಳು ಕಣವ್ವ ನಾನು, ತಲೆ ಸುತ್ತತೈತೆ. ಇಷ್ಟು ವರ್ಸ ಕಲ್ಲಿಗೆ ಹುಯ್ದಿದ್ದು ನಾಗಪ್ಪ ಕುಡೀಲಿಲ್ವಾ? ಲೇ ಜಯಾ, ಕಲ್ಲಿಗೆ ಎರಿ. ನಿನ್ನ ಹಿಂದೆ ನಾನು.”

ಹೆಂಗಸರು ಮುಖಮುಖ ನೋಡಿಕೊಂಡರು. ಒಬ್ಬಿಬ್ಬರು ಕಲ್ಲಿನತ್ತ ಸರಿದರು, ಉಳಿದವರೂ ಹಿಂದೆ ಹೋದರು. ಜಯದೇವಿ ಬಿಲದ ಮೇಲಿಟ್ಟ ಕೈ ಹಾಗೇ ಇಟ್ಟು, ಎಡಗೈಯಿಂದ ಚೊಂಬನ್ನು ಸೊಸೆಗೆ ಕೊಟ್ಟು, ಮನೆಯ ತನಿ ಇನ್ನು ಮೇಲೆ ನಿನ್ನದು ಎಂದಳು. ಅಂಜನಾ ಕಲ್ಲಿನ ಹೆಡೆಗೆ ಹಾಲೆರೆದಳು.

ಚೂಡಾಮಣಿ ತುಂಬಿದ ಚೊಂಬಿನೊಂದಿಗೆ ಹಿಂದಿರುಗಿದಳು. ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ನಿಂತು, “ಮುಂದಿನ ವರ್ಷ ನಾವು ನಿಮ್ಮನ್ನ ಕಾಯಲ್ಲ,” ಎಂದಳು.

“ಬೇಗ ಬನ್ನಿ,” ಎಂದಳು ಜಯದೇವಿ, ಇನ್ನೂ ಅಲ್ಲೇ ಕೂತು. “ನಾನು ನಿಮಗಿಂತ ಮುಂಚೆ ಬಂದು ಕೂತಿರ್ತೀನಿ.”